ಪರವಾನಿಗೆ ಇಲ್ಲದೆ ವಿಸ್ತರಿಸಿದ ಮನೆಯ ಖರೀದಿ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ

ಸ್ಥಳೀಯ ಸಂಸ್ಥೆಯ ಪರವಾನಿಗೆ ಪಡೆಯದೆ ಕೋಣೆ, ಮಹಡಿ, ಅಂಗಡಿ ಅಥವಾ ಪತ್ರಾಸ ಶೆಡ್ಡು ಸೇರಿಸಿ ಬೆಳೆಸಿದ ಮನೆಯನ್ನು ಕೊಳ್ಳುವಾಗ ಹಕ್ಕು, ತೆರಿಗೆ, ಸಾಲ ಮತ್ತು ಕಟ್ಟಡದ ಗಟ್ಟಿತನದ ಪ್ರಶ್ನೆಗಳು ಒಟ್ಟಿಗೆ ಏಳುತ್ತವೆ. ವಿಜಯಪುರ ಜಿಲ್ಲೆಯ ಈ ನಾಲ್ಕು ಪಟ್ಟಣಗಳಲ್ಲಿ ಇಂಥ ಮನೆಗಳು ಅಪರೂಪವಲ್ಲ. ಕೊಳ್ಳುವವರು ಉತಾರವನ್ನು ನೋಡಿ, ಬೋಜಾ (ಸಾಲದ ಹೊರೆ) ಇಲ್ಲವೆಂದು ಖಾತ್ರಿ ಮಾಡಿಕೊಂಡು ಸಂಚಕಾರ ಕೊಟ್ಟುಬಿಡುವುದೇ ಹೆಚ್ಚು. ಉತಾರವು ತೆರಿಗೆಯ ದಾಖಲೆ ಮಾತ್ರ. ಅದರಲ್ಲಿ ಎರಡನೇ ಮಹಡಿ ನಮೂದಾಗಿದ್ದರೆ ಆ ಮಹಡಿಗೆ ತೆರಿಗೆ ಕಟ್ಟುತ್ತಿದ್ದಾರೆ ಎಂದಷ್ಟೇ ಅರ್ಥ, ಕಟ್ಟಲು ಪರವಾನಿಗೆ ಸಿಕ್ಕಿತ್ತು ಎಂದಲ್ಲ.

ಮನೆ ಬೆಳೆಯುವ ಬಗೆ

ಈ ಭಾಗದಲ್ಲಿ ಮನೆಯನ್ನು ಒಂದೇ ಸಲಕ್ಕೆ ಕಟ್ಟಿ ಮುಗಿಸುವವರು ಕಡಿಮೆ. ಇಂಡಿಯ ಲಿಂಬೆಗೆ ಒಳ್ಳೆಯ ದರ ಸಿಕ್ಕ ವರ್ಷ, ಕಬ್ಬಿನ ಬಿಲ್ ಬಂದ ವರ್ಷ, ಗೋವಾ, ಮುಂಬಯಿ, ಪುಣೆಗೆ ದುಡಿಯಲು ಹೋದ ಮಗ ಹಣ ಕಳಿಸಿದ ವರ್ಷ ಒಂದೊಂದು ಕೋಣೆ ಏಳುತ್ತದೆ. ಗಾವಠಾಣಾದ ಹಳೆಯ ಮನೆಗಳಿಗೆ ಮಂಜೂರಾದ ನಕ್ಷೆಯೇ ಇರುವುದಿಲ್ಲ. ಅವುಗಳಲ್ಲಿ ಎಷ್ಟೋ ಮನೆಗಳು ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದವು, ಅಂದರೆ 1956ಕ್ಕಿಂತ ಹಿಂದಿನವು. ಅಣ್ಣತಮ್ಮಂದಿರ ವಾಟ್ನಿ (ಪಾಲು) ಆದಾಗ ಪಡಸಾಲೆಯ ನಡುವೆ ಗೋಡೆ ಏಳುತ್ತದೆ, ಹಿತ್ತಿಲಲ್ಲಿ ಅಡುಗೆಮನೆ ಬರುತ್ತದೆ, ರಸ್ತೆಯ ಕಡೆಯ ಕಟ್ಟೆ ಅಂಗಡಿಯಾಗುತ್ತದೆ. ಊರ ಹೊರಗೆ, ಹೊಲವನ್ನು ಎನ್.ಎ. (ಕೃಷಿಯೇತರ) ಮಾಡಿಸದೆ ಗುಂಟೆ ಲೆಕ್ಕದಲ್ಲಿ ಮಾರಿದ ಪ್ಲಾಟುಗಳಲ್ಲಿ ಕಟ್ಟಿದ ಮನೆಗಳ ಕಥೆಯೇ ಬೇರೆ. ಅಲ್ಲಿ ವಿಸ್ತರಣೆಯಷ್ಟೇ ಅಲ್ಲ, ಬುನಾದಿ ನಿಂತ ನೆಲವೂ ಕೃಷಿ ಭೂಮಿಯಾಗಿಯೇ ಉಳಿದಿರುತ್ತದೆ.

ಜನ ಮಾಡಿದ್ದನ್ನು ಬರೀ ಕಳ್ಳತನವೆಂದು ನೋಡುವುದು ನ್ಯಾಯವಲ್ಲ. ಸಂಸಾರ ಬೆಳೆದಾಗ ಸೂರು ಬೇಕು. ಆದರೆ ಕಟ್ಟಿದವರಿಗೆ ಅನಿವಾರ್ಯವಾಗಿದ್ದುದರ ಹೊರೆ, ಖರೀದಿ ಪತ್ರಕ್ಕೆ ಸಹಿಯಾದ ದಿನದಿಂದ, ಕೊಂಡವರ ತಲೆಗೆ ಬರುತ್ತದೆ.

ಮೂರು ಬಗೆಯ ಅಕ್ರಮ

ಖರೀದಿಯ ಮಾತುಕತೆಯಲ್ಲಿ ಎಲ್ಲವನ್ನೂ ಸೇರಿಸಿ ‘ಸ್ವಲ್ಪ ಹೆಚ್ಚುವರಿ ಕಟ್ಟಿದೆ’ ಎಂದುಬಿಡುತ್ತಾರೆ. ಕಾನೂನಿನ ಕಣ್ಣಿಗೆ ಅದು ಮೂರು ಬೇರೆ ಬೇರೆ ಸಂಗತಿ. ಸ್ವಂತ ಜಾಗದಲ್ಲಿ, ಸುತ್ತ ಬಿಡಬೇಕಾದ ಜಾಗವನ್ನು ಬಿಟ್ಟು, ಪರವಾನಿಗೆಯನ್ನಷ್ಟೇ ಪಡೆಯದೆ ಕಟ್ಟಿದ್ದು ಒಂದು. ಉಪವಿಧಿಗಳ ಮಿತಿಯೊಳಗಿದ್ದರೆ ಅಂಥದಕ್ಕೆ ಈಗಲೂ ನಕ್ಷೆ ಸಲ್ಲಿಸಿ, ದಂಡ ಕಟ್ಟಿ ಮಂಜೂರಾತಿ ಕೇಳಬಹುದು. ಜಾಗ ಸ್ವಂತದ್ದೇ ಆದರೂ ಬಿಡಬೇಕಾದ ಅಂಚನ್ನು ಮುಚ್ಚಿ ಅಥವಾ ಅನುಮತಿಗಿಂತ ಹೆಚ್ಚು ಮಹಡಿ ಏರಿಸಿ ಕಟ್ಟಿದ್ದು ಎರಡನೆಯದು. ಇದಕ್ಕೆ ಸದ್ಯಕ್ಕೆ ಭರವಸೆಯ ದಾರಿ ಇಲ್ಲ. ಚರಂಡಿಯ ಮೇಲೆ, ರಸ್ತೆಯ ಜಾಗದಲ್ಲಿ, ಸರ್ಕಾರಿ ನಂಬರಿನಲ್ಲಿ ಅಥವಾ ನೆರೆಯವರ ಚಕಬಂದಿಯೊಳಗೆ ನುಗ್ಗಿದ್ದು ಮೂರನೆಯದು. ಸಾಮಾಯಿಕ ಗೋಡೆಯ ಮೇಲೆ ನೆರೆಯವರನ್ನು ಕೇಳದೆ ಮಹಡಿ ಏರಿಸಿದ್ದೂ ಇದರ ಹತ್ತಿರಕ್ಕೇ ಬರುತ್ತದೆ. ಸಿಂದಗಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 50 ಹಾದುಹೋಗುತ್ತದೆ. ಅಂಥ ರಸ್ತೆಯಂಚಿನ ಕಟ್ಟಡಗಳಲ್ಲಿ ಮುಂದಕ್ಕೆ ಚಾಚಿದ ಅಂಗಡಿಯೇ ಹೆಚ್ಚು ಬಾಡಿಗೆ ತರುವ ಭಾಗ. ರಸ್ತೆ ಅಗಲ ಮಾಡುವಾಗ ಮೊದಲು ಗುರುತು ಬೀಳುವುದೂ ಅದಕ್ಕೇ.

ಕಾನೂನು ಮತ್ತು ಸಕ್ರಮದ ಆಸೆ

ಪಟ್ಟಣದಲ್ಲಿ ಕಟ್ಟಡ ಪರವಾನಿಗೆಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 187ನೇ ಕಲಂ ಆಧಾರ. ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಅನ್ವಯವಾಗುತ್ತದೆ. ಗ್ರಾಮ ಪಂಚಾಯಿತಿಯಿಂದ ಲಿಖಿತ ಅನುಮತಿ ಬೇಕೆಂಬುದನ್ನು ತಿಳಿಯದವರು ಇಂದಿಗೂ ಬಹಳ.

‘ಅಕ್ರಮ ಸಕ್ರಮದಲ್ಲಿ ಆಗ್ತದೆ’ ಎಂಬ ಮಾತು ಮಾರುವವರ ಬಾಯಲ್ಲಿ ವರ್ಷಗಳಿಂದ ಇದೆ. ಕೊಳ್ಳುವವರು ಈ ಭರವಸೆಯನ್ನು ನಂಬಿ ಹಣ ಕೊಡಬಾರದು. ರಾಜ್ಯ ಸರ್ಕಾರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ 2014ರಲ್ಲಿ ನಿಯಮ ಹೊರಡಿಸಿತು. 2013ರ ಅಕ್ಟೋಬರ್ 19ಕ್ಕಿಂತ ಹಿಂದಿನ ಉಲ್ಲಂಘನೆಗಳು, ವಾಸದ ಕಟ್ಟಡಕ್ಕೆ ಶೇ 50ರವರೆಗೆ, ಇತರ ಕಟ್ಟಡಕ್ಕೆ ಶೇ 25ರವರೆಗೆ, ದಂಡದ ಮೇಲೆ ಸಕ್ರಮವಾಗಬಹುದಿತ್ತು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2013ರ ಆ ದಿನದ ನಂತರ ಕಟ್ಟಿದ ಮಹಡಿಯಂತೂ ಆ ಯೋಜನೆಯ ಗಡುವಿನೊಳಗೇ ಬರುವುದಿಲ್ಲ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಮೀರತ್‌ನ ಪ್ರಕರಣವೊಂದರಲ್ಲಿ ಇನ್ನಷ್ಟು ಬಿಗಿಯಾಗಿ ಮಾತಾಡಿತು. ಬಹಳ ಕಾಲ ಕಳೆದಿದೆ, ಅಧಿಕಾರಿಗಳು ಸುಮ್ಮನಿದ್ದರು, ಕಟ್ಟಲು ಹಣ ಸುರಿದಿದ್ದೇವೆ ಎಂಬ ಕಾರಣಗಳಿಂದ ಅಕ್ರಮ ಸಕ್ರಮವಾಗದು ಎಂದಿತು. ಸ್ವಾಧೀನಾನುಭವ ಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ನಿರ್ದೇಶಿಸಿತು. ರಾಜ್ಯದಲ್ಲಿ ಇದರ ಬಿಸಿ 2025ರಲ್ಲಿ ಹೊಸ ವಿದ್ಯುತ್ ಸಂಪರ್ಕ ಕೇಳಿದವರಿಗೆ ತಟ್ಟಿತು. ಮೇಲಿನ ಮಹಡಿಗೆ ಬೇರೆ ಮೀಟರ್ ಹಾಕಿಸಿ ಬಾಡಿಗೆಗೆ ಕೊಡುವ ಲೆಕ್ಕದಲ್ಲಿ ಕೊಳ್ಳುವವರು ಮೊದಲೇ ಹೆಸ್ಕಾಂ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಇನ್ನೊಂದು ಕಡೆ, 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 15 ದಿನಗಳ ನೋಟಿಸ್ ಇಲ್ಲದೆ ಯಾರ ಮನೆಯನ್ನೂ ಕೆಡವುವಂತಿಲ್ಲ. ರಸ್ತೆ, ಬೀದಿಯಂಥ ಸಾರ್ವಜನಿಕ ಜಾಗದ ಅತಿಕ್ರಮಣಕ್ಕೆ ಆ ರಕ್ಷಣೆ ಇಲ್ಲ.

ಬಿ-ಖಾತೆ ಮತ್ತು ನೋಂದಣಿ

2024ರ ಅಕ್ಟೋಬರ್‌ನಿಂದ ಪಟ್ಟಣದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಇ-ಆಸ್ತಿ ತಂತ್ರಾಂಶದಲ್ಲಿ ಸರಿಯಾದ ಆಸ್ತಿಗೆ ನಮೂನೆ-3 ಸಿಗುತ್ತದೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಹೊರಗಿನ ಪಟ್ಟಣಗಳಲ್ಲೂ ಅನಧಿಕೃತ ಆಸ್ತಿಗಳಿಗೆ ಬಿ-ಖಾತೆ ಕೊಡುವ ಅಭಿಯಾನ ಆರಂಭವಾಯಿತು. 2024ರ ಸೆಪ್ಟೆಂಬರ್ 10ಕ್ಕಿಂತ ಮೊದಲು ನೋಂದಣಿಯಾದ ಆಸ್ತಿಗಳಿಗೆ, ಮೊದಲ ಬಾರಿ ಎರಡು ಪಟ್ಟು ತೆರಿಗೆ ಕಟ್ಟಿಸಿಕೊಂಡು ಅದನ್ನು ಕೊಡಲಾಯಿತು. ಇದರಿಂದ ಸಾವಿರಾರು ಬಡವರ ಮನೆಗಳು ದಾಖಲೆಗೆ ಬಂದದ್ದು ದೊಡ್ಡ ಅನುಕೂಲ. ಆದರೆ ಬಿ-ಖಾತೆಯಿಂದ ಬಡಾವಣೆಗೆ ಮಂಜೂರಾತಿ ಬರುವುದಿಲ್ಲ, ಕಟ್ಟಡಕ್ಕೆ ಪರವಾನಿಗೆಯೂ ಬರುವುದಿಲ್ಲ. ಹಳ್ಳಿಗಳಲ್ಲಿ ಅಧಿಕೃತ, ಅನಧಿಕೃತ ಎಂಬ ಇದೇ ವ್ಯತ್ಯಾಸ ನಮೂನೆ 11ಎ ಮತ್ತು 11ಬಿ ನಡುವೆ ಇದೆ.

ತಾಂಡಾಗಳ ಮನೆಗಳನ್ನು ಇನ್ನೂ ಎಚ್ಚರದಿಂದ ನೋಡಬೇಕು. ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳಾಗಿಸಿ, 2023ರ ಜನವರಿ 19ರಂದು ಮಳಖೇಡದಲ್ಲಿ ವಿಜಯಪುರ ಸೇರಿ ಐದು ಜಿಲ್ಲೆಗಳ ಕುಟುಂಬಗಳಿಗೆ ಪ್ರಧಾನಿಯವರು ಹಕ್ಕುಪತ್ರ ವಿತರಿಸಿದರು. ಇಂಥ ಹಕ್ಕುಪತ್ರದ ಷರತ್ತುಗಳನ್ನು ಓದದೆ ಮುಂದುವರಿಯಬಾರದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಖರೀದಿ ಅಸಿಂಧು.

ಖರೀದಿ ಪತ್ರದಲ್ಲಿ ಮಹಡಿಯನ್ನು ಬಿಟ್ಟು ಬರೆಸಿದರೆ ಮುದ್ರಾಂಕ ಉಳಿಯುತ್ತದೆ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಪಟ್ಟಣದಲ್ಲಿ ಮುದ್ರಾಂಕ ಶುಲ್ಕ ಉಪಕರಗಳೊಂದಿಗೆ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಹೊರೆ ನಿಜ. ಆದರೂ ಇದ್ದ ಕಟ್ಟಡವನ್ನು ಮುಚ್ಚಿಟ್ಟರೆ ಕಡಿಮೆ ಮೌಲ್ಯಮಾಪನದ ಪ್ರಕರಣ ಬರುತ್ತದೆ. ಹಣ ಕೊಟ್ಟು ಕೊಂಡ ಮಹಡಿ ಸ್ವಂತ ಪತ್ರದಲ್ಲೇ ಇರುವುದಿಲ್ಲ.

ಕಾಗದ ಹುಡುಕುವ ಕಡೆ

ಕಂದಾಯ ಆಡಳಿತದ ಹಳೆಯ ಗಡಿಗಳನ್ನು ಇಲ್ಲಿ ನೆನಪಿಡಬೇಕು. ಚಡಚಣ ಇಂಡಿಯಿಂದ, ಆಲಮೇಲ ಮತ್ತು ದೇವರ ಹಿಪ್ಪರಗಿ ಸಿಂದಗಿಯಿಂದ, ತಾಳಿಕೋಟೆ ಮುದ್ದೇಬಿಹಾಳದಿಂದ, ನಿಡಗುಂದಿ ಮತ್ತು ಕೊಲ್ಹಾರ ಬಸವನ ಬಾಗೇವಾಡಿಯಿಂದ ಬೇರ್ಪಟ್ಟು ತಾಲ್ಲೂಕುಗಳಾದವು. ಹಳೆಯ ನೋಂದಣಿ, ಮೋಜಣಿಯ ಕಾಗದಗಳನ್ನು ಮೂಲ ತಾಲ್ಲೂಕಿನ ಕಚೇರಿಯಲ್ಲೂ ಕೇಳಬೇಕಾಗುತ್ತದೆ. ಸಿಟಿ ಸರ್ವೆ ನಡೆದ ಭಾಗವಾದರೆ ಪ್ರಾಪರ್ಟಿ ಕಾರ್ಡ್ ಮತ್ತು ಅದರ ನಕಾಶೆ ಬಹಳ ಮುಖ್ಯ. ಋಣಭಾರ ಪತ್ರ ಸಾಲ, ಮಾರಾಟಗಳನ್ನು ತೋರಿಸುತ್ತದೆ, ಕಟ್ಟಡ ಅಕ್ರಮವೋ ಸಕ್ರಮವೋ ಹೇಳುವುದಿಲ್ಲ. ಖರೀದಿ ಪತ್ರ, ಉತಾರ, ಸರ್ವೆ ನಕಾಶೆ, ಪರವಾನಿಗೆಯ ನಕ್ಷೆ ಈ ನಾಲ್ಕರ ಅಳತೆಗಳನ್ನು ಎದುರುಬದುರು ಇಟ್ಟು, ಆಮೇಲೆ ಟೇಪು ಹಿಡಿದು ಮನೆ ಅಳೆದರೆ ವ್ಯತ್ಯಾಸ ತಾನಾಗಿ ಹೊರಬೀಳುತ್ತದೆ.

ಒಡಹುಟ್ಟಿದವರಲ್ಲಿ ಒಬ್ಬರು ತಮ್ಮ ಖರ್ಚಿನಲ್ಲಿ ಮಹಡಿ ಕಟ್ಟಿದ್ದರೂ ಕೆಳಗಿನ ಜಾಗ ವಾಟ್ನಿಯಾಗದಿದ್ದರೆ ಎಲ್ಲ ಪಾಲುದಾರರ ಸಹಿ ಬೇಕು, ಹೆಣ್ಣುಮಕ್ಕಳದೂ ಸೇರಿ.

ಕಟ್ಟಡದ ಗಟ್ಟಿತನ

ಕಟ್ಟಡ ಎಷ್ಟು ಗಟ್ಟಿ ಎಂಬುದರ ಬಗ್ಗೆ ವಕೀಲರು ಹೇಳುವುದಿಲ್ಲ, ದಲಾಲರು ಎತ್ತುವುದಿಲ್ಲ. ಈ ತಾಲ್ಲೂಕುಗಳ ಹೆಚ್ಚಿನ ನೆಲ ಎರೆಮಣ್ಣು. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಹಳೆಯ ಮನೆಯ ಬುನಾದಿ ಗಟ್ಟಿ ನೆಲ ಮುಟ್ಟಿದ್ದು, ಆಮೇಲೆ ಅಂಟಿಸಿದ ಕೋಣೆಯ ಬುನಾದಿ ಎರೆಯಲ್ಲೇ ನಿಂತಿದ್ದರೆ ಎರಡೂ ಕೂಡುವ ಮೂಲೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಡುತ್ತದೆ. ಮಾರುವ ಮುನ್ನ ಅದಕ್ಕೆ ಗಿಲಾವು ಮಾಡಿ ಬಣ್ಣ ಹೊಡೆಸಿರುತ್ತಾರೆ. ಬೇಸಿಗೆಯ ಕೊನೆಯಲ್ಲಿ ನೋಡಿದರೆ ಬಿರುಕು ಮರೆಯಾಗದು.

ಕಲ್ಲು ಮಣ್ಣಿನ ದಪ್ಪ ಗೋಡೆ, ಜಂತಿಯ ಮಾಳಿಗೆ ಇದ್ದ ಮನೆಯಲ್ಲಿ ಮಾಳಿಗೆ ತೆಗೆದು ಅದೇ ಗೋಡೆಯ ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಅದರ ಮೇಲೆ ಇನ್ನೊಂದು ಕೋಣೆ ಏರಿಸಿದ್ದು ನಿಜಕ್ಕೂ ಅಪಾಯದ ಕೆಲಸ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಜೀವ ತೆಗೆದದ್ದು ಹೆಚ್ಚಾಗಿ ಇಂಥ ಗೋಡೆಗಳು ಮತ್ತು ಭಾರದ ಮಾಳಿಗೆಗಳು. 2021ರಲ್ಲಿ ವಿಜಯಪುರ ಜಿಲ್ಲೆಯಲ್ಲೂ ಲಘು ಕಂಪನಗಳಾದವು. ಹಳೆಯ ವಾಡೆಗಳಲ್ಲಿ ನೆಲದಡಿ ಜೋಳ ತುಂಬಿಡುವ ಹಗೇವು ಇರುತ್ತಿತ್ತು. ಅದನ್ನು ಸರಿಯಾಗಿ ತುಂಬದೆ ಮೇಲೆ ಕಂಬ ನಿಲ್ಲಿಸಿದ್ದುಂಟು. ಓಣಿಯ ಹಿರಿಯರನ್ನು ಕೇಳಿದರೆ ಹಗೇವು ಎಲ್ಲಿತ್ತೆಂದು ಹೇಳುತ್ತಾರೆ.

ಸಂಚಕಾರ ಮತ್ತು ಬೆಲೆ

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಾಣಲಾಗದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು. ಕಣ್ಣಿಗೆ ಕಾಣುವ ಮಹಡಿಯ ವಿಷಯದಲ್ಲಿ ಈ ಕಲಂ ಹೆಚ್ಚು ನೆರವಾಗದು. ಆದ್ದರಿಂದ ಯಾವ ಭಾಗಕ್ಕೆ ಪರವಾನಿಗೆ ಇದೆ, ಯಾವುದಕ್ಕೆ ಇಲ್ಲ, ಬಾಕಿ ತೆರಿಗೆ ಮತ್ತು ದಂಡ ಯಾರದು, ನೋಟಿಸ್ ಬಂದಿದೆಯೇ ಎಂಬುದನ್ನು ಸಂಚಕಾರ ಪತ್ರದಲ್ಲೇ ಬರೆಸಬೇಕು. ಸಾಲ ಮಂಜೂರಾಗದಿದ್ದರೆ ಹಣ ವಾಪಸ್ ಎಂಬ ಮಾತೂ ಅಲ್ಲೇ ಇರಲಿ. ಪರವಾನಿಗೆ ಇರುವ ಭಾಗಕ್ಕೆ ಪೂರ್ತಿ ಬೆಲೆ ಕೊಡಬಹುದು. ಸ್ವಂತ ಜಾಗದಲ್ಲಿದ್ದೂ ಪರವಾನಿಗೆ ಇಲ್ಲದ ಭಾಗಕ್ಕೆ ಅದನ್ನು ಸರಿಪಡಿಸುವ ಖರ್ಚು ಕಳೆದು ಬೆಲೆ ಕಟ್ಟಬೇಕು. ರಸ್ತೆ, ಚರಂಡಿ ಅಥವಾ ಇನ್ನೊಬ್ಬರ ಜಾಗದ ಮೇಲೆ ನಿಂತ ಭಾಗಕ್ಕೆ ಬೆಲೆಯೇ ಇಲ್ಲ. ಮನೆಯ ಅಡುಗೆಮನೆ, ಮೆಟ್ಟಿಲು ಅಥವಾ ಬಾಗಿಲು ಅಂಥ ಭಾಗದಲ್ಲಿದ್ದರೆ ಆ ಮನೆಯನ್ನು ಕೊಳ್ಳಬಾರದು.