ಹೊಸ್ತಿಲ ಹುಣ್ಣಿಮೆಗೆ ನಿಂತುಹೋದ ಆಟ

ವಿರೂಪಾಕ್ಷನ ಮೂಡಣ ಗೋಪುರದಿಂದ ಹೊರಟು ಮತಂಗ ಪರ್ವತದ ಬುಡದಲ್ಲಿ ಕುಳಿತ ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರಿನಷ್ಟು ನೇರಕ್ಕೆ ಹಾಸಿಕೊಂಡಿರುವ ಬೀದಿಗೆ ಹಂಪಿ ಬಜಾರ್ ಎಂದು ಹೆಸರು. ತೇರು ಹರಿಯುವುದೂ ಅಲ್ಲೇ, ಒಂದು ಕಾಲಕ್ಕೆ ವ್ಯಾಪಾರ ಕುದುರುತ್ತಿದ್ದುದೂ ಅಲ್ಲೇ. ಹಂಪಿಯ ದೇಗುಲ, ಮಂಟಪಗಳ ಹಾಸುಗಲ್ಲನ್ನು ಬಗ್ಗಿ ನೋಡಿದವರಿಗೆ ರಾಯರ ಚರಿತ್ರೆಯೊಳಗೆ ಸೇರದ ಇನ್ನೊಂದು ಬಗೆಯ ಕೆತ್ತನೆ ಕಾಣುತ್ತದೆ. ನಾಲ್ಕು ತೋಳು ಚಾಚಿದ ಪಗಡೆ ಹಾಸು, ಎರಡು ಸಾಲು ಕುಳಿಯ ಅಳಗುಳಿ ಮಣೆ, ಹುಲಿ-ಕುರಿಯಾಟದ ಮುಮ್ಮೂಲೆ ಗೆರೆಗಳು. ಬಹುಕಾಲ ಬೆರಳು ಆಡಿ ಕೆಲವು ಕುಳಿಗಳ ಅಂಚು ನುಣ್ಣಗಾಗಿದೆ. ದತ್ತಿ ಕೊಟ್ಟ ಅರಸನಿಗೆ ಶಾಸನವುಂಟು, ಗೋಪುರ ಎತ್ತಿಸಿದ ದಂಡನಾಯಕನಿಗೂ ಉಂಟು. ಕಾವಲು ಬೇಸರವಾಗಿ ಕಲ್ಲಿನ ಮೇಲೆ ಉಳಿ ಎಳೆದು ಆಟದ ಮನೆ ಮಾಡಿಕೊಂಡವನಿಗೆ ಯಾವ ಶಾಸನವೂ ಇಲ್ಲ. ಆಟಗಳ ಚರಿತ್ರೆ ಎಲ್ಲ ಕಾಲದಲ್ಲೂ ಹೀಗೆಯೇ: ಆಡಿದವರು ಅನೇಕರು, ಬರೆದಿಟ್ಟವರು ಕೆಲವರೇ.

ಇಲ್ಲಿ ಹೇಳಹೊರಟಿರುವುದು ಇತ್ತೀಚಿನ ಒಂದು ಆಟದ ವೃತ್ತಾಂತ. ಕಟ್ಟಿದವರು ಸಾಗರದಾಚೆಯವರು, ಆಟ ಕಂಪ್ಯೂಟರಿನದು. ಅದು ಎಂದೂ ಅಂಗಡಿಗೆ ಬರಲಿಲ್ಲ. ಆದರೂ ಆ ಕಥೆಯನ್ನು ಈ ಬೀದಿಯಿಂದಲೇ ಶುರುಮಾಡುವುದಕ್ಕೆ ಕಾರಣವಿದೆ. ಅರ್ಧಕ್ಕೆ ನಿಂತ ಮಹಾಕಥೆಯ ಮುಂದಿನ ಭಾಗವನ್ನು ಇನ್ನೊಬ್ಬನಿಂದ ಬರೆಸಿ ಮುಗಿಸಿದ ದೊರೆ ಆಳಿದ ಊರು ಇದು.

ಕುಮಾರವ್ಯಾಸನೆಂದು ಹೆಸರಾದ ಗದುಗಿನ ನಾರಣಪ್ಪ ಕನ್ನಡದಲ್ಲಿ ಭಾರತ ಹಾಡಿದ್ದು ಗದಾಪರ್ವದವರೆಗೆ, ಹತ್ತೇ ಪರ್ವ. ಉಳಿದವನ್ನು ಆತ ಕೈಗೆತ್ತಿಕೊಳ್ಳಲಿಲ್ಲ. 1509ರಿಂದ 1529ರವರೆಗೆ ಪಟ್ಟದಲ್ಲಿದ್ದ ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಶಾಂತಿಪರ್ವದಿಂದ ಮುಂದಿನದನ್ನು ಷಟ್ಪದಿಯಲ್ಲೇ ಬರೆದು ಮುಗಿಸಿದ. ದೊರೆಯ ಹೆಸರೇ ಕಾವ್ಯಕ್ಕೆ ನಿಂತು ಅದು ‘ಕೃಷ್ಣರಾಯ ಭಾರತ’ವಾಯಿತು. ತಿಮ್ಮಣ್ಣ ಕುಮಾರವ್ಯಾಸನ ಎತ್ತರಕ್ಕೆ ಏರಲಿಲ್ಲ ಎಂಬ ಮಾತು ಬೇರೆ. ಗಮಕಿಗಳು ಇಂದಿಗೂ ಎತ್ತಿಕೊಳ್ಳುವುದು ನಾರಣಪ್ಪನನ್ನೇ. ಆದರೆ ಮುಂದಿನ ಪರ್ವ ಬರೆಯಲು ಅವನು ಗದುಗಿಗೆ ಹೋಗಿ ಯಾರ ಹಕ್ಕುಪತ್ರವನ್ನೂ ತರಬೇಕಾಗಿರಲಿಲ್ಲ. ಕಥೆ ಎಲ್ಲರದಾಗಿತ್ತು, ಬೇಕಿದ್ದುದು ಕವಿಯ ಕೈ ಮತ್ತು ಅನ್ನವಿಕ್ಕುವ ಅರಸು. ನಾನೂರೈವತ್ತು ವರ್ಷ ಕಳೆದ ಮೇಲೆ ಕಥೆಗಳಿಗೆ ಬೇರೆಯೇ ಕಾಲ ಬಂತು.

ಪಾತ್ರ ತೊಟ್ಟು ಆಡುವ ಆಟಗಳ ಬೀಜ ಬಿದ್ದುದು 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದಾಗ. ಒಬ್ಬ ಕಥೆ ಹೇಳಬೇಕು, ಉಳಿದವರು ಒಂದೊಂದು ವೇಷವಾಗಬೇಕು, ಕತ್ತಿ ತಾಗಿತೇ ತಪ್ಪಿತೇ ಎಂಬುದನ್ನು ದಾಳ ಹೇಳಬೇಕು. ಧರ್ಮರಾಯ ಪಗಡೆ ಹಾಸಿನ ಮುಂದೆ ಕುಳಿತದ್ದನ್ನು ಕೇಳಿ ಬೆಳೆದವರಿಗೆ ದಾಳ ಕಥೆಯನ್ನೇ ತಿರುಗಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 1981ರಲ್ಲಿ ‘ವಿಜರ್ಡ್ರಿ’, ‘ಅಲ್ಟಿಮಾ’ ಬಂದವು. ದಾಳ ಉರುಳಿಸುವ ಕೆಲಸ ಕಂಪ್ಯೂಟರಿಗೆ ಬಿತ್ತು.

ಬ್ರಯಾನ್ ಫಾರ್ಗೊ ಎಂಬಾತ ಗೆಳೆಯರೊಡನೆ 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂಟರ್‌ಪ್ಲೇ ಎಂಬ ಸಂಸ್ಥೆ ಹೂಡಿದ. 1988ರಲ್ಲಿ ಈ ಮನೆಯಿಂದ ‘ವೇಸ್ಟ್‌ಲ್ಯಾಂಡ್’ ಹೊರಟಿತು. ಅಣುಯುದ್ಧದಲ್ಲಿ ಸುಟ್ಟ ಭೂಮಿ, ಅಳಿದುಳಿದ ಊರುಗಳು, ಮರಳಿನಲ್ಲಿ ನ್ಯಾಯ ಹುಡುಕುತ್ತ ಅಲೆಯುವ ಒಂದು ದಂಡು. ಹೊರತಂದವರು ಎಲೆಕ್ಟ್ರಾನಿಕ್ ಆರ್ಟ್ಸ್; ಹೆಸರಿನ ಹಕ್ಕೂ ಅವರ ಬಳಿಯೇ ಉಳಿಯಿತು. ಮುಂದಿನ ಭಾಗ ಮಾಡಬೇಕೆಂದು ಇಂಟರ್‌ಪ್ಲೇ ಹಂಬಲಿಸಿದಾಗ ಹೆಸರು ಕೈಗೆ ಸಿಗಲಿಲ್ಲ. ಅದೇ ಸುಟ್ಟ ನೆಲಕ್ಕೆ ಬೇರೆ ಹೆಸರಿಟ್ಟು ಟಿಮ್ ಕೇನ್ ಮತ್ತು ಸಂಗಡಿಗರು 1997ರಲ್ಲಿ ‘ಫಾಲ್‌ಔಟ್’ ಕಟ್ಟಿದರು. ಮುಂದೆ ಎರಡು ತಲೆಮಾರು ಕೊಂಡಾಡಿದ ಈ ಸರಣಿ ಹುಟ್ಟಿದ್ದೇ ಬರಲಾಗದ ಇನ್ನೊಂದು ಎರಡನೆಯ ಭಾಗದ ಜಾಗದಲ್ಲಿ. ಮನೆತನದ ಜಾತಕದಲ್ಲೇ ಈ ದೋಷ ಬರೆದಿತ್ತು.

1998ರಲ್ಲಿ ‘ಫಾಲ್‌ಔಟ್ 2’ ಬಂತು. ಆ ಹೊತ್ತಿಗೆ ಇಂಟರ್‌ಪ್ಲೇಯಲ್ಲಿ ಈ ಆಟಗಳನ್ನು ಕಟ್ಟುತ್ತಿದ್ದ ವಿಭಾಗಕ್ಕೆ ಬ್ಲ್ಯಾಕ್ ಐಲ್ ಸ್ಟುಡಿಯೋಸ್ ಎಂದು ನಾಮಕರಣವಾಗಿತ್ತು. ಅದರ ಮುಖ್ಯಸ್ಥನ ಹೊಣೆ ಫರ್ಗಸ್ ಅರ್ಕ್‌ಹಾರ್ಟ್‌ನದು. 1999ರಲ್ಲಿ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’, 2000ದಲ್ಲಿ ‘ಐಸ್‌ವಿಂಡ್ ಡೇಲ್’ ಎಂದು ಒಂದರ ಮೇಲೊಂದು ಕೃತಿ. ಅದು ಆ ಮನೆಯ ಉಚ್ಛ್ರಾಯ. ಬೊಕ್ಕಸ ಮಾತ್ರ ಅಷ್ಟು ತುಂಬಿರಲಿಲ್ಲ. 2001ರಲ್ಲಿ ಟೈಟಸ್ ಇಂಟರಾಕ್ಟಿವ್ ಎಂಬ ಫ್ರೆಂಚ್ ಕಂಪನಿ ಇಂಟರ್‌ಪ್ಲೇಯ ಬಹುಪಾಲು ಹಿಡಿತ ತೆಗೆದುಕೊಂಡಿತು. ಮರುವರ್ಷ ಫಾರ್ಗೊ ತಾನೇ ಕಟ್ಟಿದ ಮನೆಯಿಂದ ಹೊರನಡೆದ.

ಈ ಇಳಿಗಾಲದಲ್ಲೇ ಮೂರನೆಯ ಫಾಲ್‌ಔಟ್ ರೂಪುಗೊಂಡದ್ದು. ಬ್ಲ್ಯಾಕ್ ಐಲ್‌ನವರು ಅಂತಿಮ ಹೆಸರಿಡುವ ತನಕ ಆಟಗಳನ್ನು ಅಮೆರಿಕದ ಅಧ್ಯಕ್ಷರ ಹೆಸರಿನಿಂದ ಕರೆಯುತ್ತಿದ್ದರು. ಇದಕ್ಕೆ ಎಂಟನೆಯ ಅಧ್ಯಕ್ಷನ ಹೆಸರು ಬಿದ್ದು ‘ವ್ಯಾನ್ ಬ್ಯೂರೆನ್’ ಆಯಿತು. ಕಥೆಯ ಮೊದಲ ಯಜಮಾನ ಕ್ರಿಸ್ ಅವೆಲೋನ್. ಕಂಪ್ಯೂಟರಿಗೆ ಒಂದು ಸಾಲು ಬರೆಯುವ ಮೊದಲೇ ಆತ ಕಚೇರಿಯ ಸಹೋದ್ಯೋಗಿಗಳನ್ನು ಮೇಜಿನ ಸುತ್ತ ಕೂರಿಸಿ, ಕಾಗದ, ಪೆನ್ಸಿಲ್, ದಾಳ ಕೊಟ್ಟು, ಆ ಲೋಕವನ್ನು ಬಾಯಿಮಾತಿನಲ್ಲೇ ಆಡಿಸಿ ನೋಡಿದ. ಆಡುವವರು ಎಲ್ಲಿ ದಾರಿ ಬಿಟ್ಟು ಓಡುತ್ತಾರೆ, ಯಾರನ್ನು ನಂಬುತ್ತಾರೆ, ಎಲ್ಲಿ ಬೇಸರಪಡುತ್ತಾರೆ ಎಂಬುದೆಲ್ಲ ಮೇಜಿನ ಮೇಲೆಯೇ ಗೊತ್ತಾಗುತ್ತಿತ್ತು. ಲಕ್ಷಾಂತರ ಡಾಲರು ಸುರಿದು ಕಟ್ಟುವ ಆಟವೂ ಕೊನೆಗೆ ನಾಲ್ಕು ಜನ ಕುಳಿತ ಜಗಲಿಯಿಂದಲೇ ಏಳಬೇಕು ಎಂಬುದು ನನಗೆ ಈ ವೃತ್ತಾಂತದಲ್ಲೇ ಇಷ್ಟವಾದ ಸಂಗತಿ.

ಅವರು ಕಟ್ಟಿದ ಕಥೆಯ ಚೌಕಟ್ಟು ದೊಡ್ಡದು. ಆಡುವವನು ಒಬ್ಬ ಕೈದಿ. ಅವನಿದ್ದ ಟಿಬೆಟ್ಸ್ ಎಂಬ ಸೆರೆಮನೆಯ ಗೋಡೆ ಸಿಡಿದು ಬಿಡುಗಡೆಯಾಗುತ್ತದೆ; ಯಂತ್ರಗಳು ಬೆನ್ನು ಹತ್ತುತ್ತವೆ. ತಾನೇನು ತಪ್ಪು ಮಾಡಿದೆ ಎಂದು ಹುಡುಕುತ್ತ ಹೋದವನಿಗೆ ತಿಳಿಯುವುದು, ಅದು ಸೆರೆಮನೆಯೇ ಅಲ್ಲ, ಸಾಂಕ್ರಾಮಿಕ ರೋಗ ಹೊತ್ತವರನ್ನು ಹೊರಗೆ ಬಿಡದಂತೆ ಕಾಯುವ ಜಾಗ ಎಂದು. ಅವನು ಕಾಲಿಟ್ಟ ಊರಿಗೆಲ್ಲ ರೋಗ ಕಾಲಿಟ್ಟಿದೆ. ಇತ್ತ ವಿಕ್ಟರ್ ಪ್ರೆಸ್ಪರ್ ಎಂಬ ವಿಜ್ಞಾನಿ ಆಕಾಶದಲ್ಲಿ ಸುತ್ತುವ ಹಳೆಯ ಅಣ್ವಸ್ತ್ರ ನೆಲೆಯೊಂದನ್ನು ವಶಪಡಿಸಿಕೊಂಡು, ಭೂಮಿಯನ್ನು ಮತ್ತೊಮ್ಮೆ ಸುಟ್ಟು ಶುದ್ಧಿ ಮಾಡಲು ಹೊರಟಿದ್ದಾನೆ. ಕೊನೆಯಲ್ಲಿ ಕ್ಷಿಪಣಿಗಳು ಹಾರುವುದನ್ನು ಪೂರ್ತಿ ತಡೆಯಲಾಗದು. ಯಾವ ಊರು ಉಳಿಯಲಿ, ಯಾವುದು ಹೋಗಲಿ ಎಂದು ಆಡುವವನೇ ತೀರ್ಮಾನಿಸಬೇಕು. ಹೂವರ್ ಅಣೆಕಟ್ಟಿನ ಮೇಲೆ ಒಂದು ಪಟ್ಟಣ, ನಾಯಿಗಳ ಪಾಲಾದ ಡೆನ್ವರ್, ರೋಮನ್ನರ ವೇಷ ತೊಟ್ಟು ಜನರನ್ನು ಗುಲಾಮರನ್ನಾಗಿಸುವ ಸೀಸರನ ದಂಡು. ಆಡುವವನಂತೆಯೇ ಸೆರೆಯಿಂದ ತಪ್ಪಿಸಿಕೊಂಡ ಇನ್ನೊಂದು ಗುಂಪು ಅದೇ ನೆಲದಲ್ಲಿ ತಿರುಗುತ್ತ, ಅವನು ಮಾಡಬೇಕಾದ ಕೆಲಸವನ್ನು ತಾನೇ ಮೊದಲು ಮಾಡಿ ಮುಗಿಸುವ ಹೂಟವೂ ಅದರಲ್ಲಿತ್ತು. ಅಂಥದ್ದನ್ನು ಆಗ ಬೇರೆ ಯಾರೂ ಅಷ್ಟು ಗಂಭೀರವಾಗಿ ಯತ್ನಿಸಿರಲಿಲ್ಲ ಎಂದೇ ನನ್ನ ಎಣಿಕೆ.

2003ರ ವರ್ಷ ಆ ಮನೆಗೆ ಒಳ್ಳೆಯದಾಗಿರಲಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪರವಾನಗಿ ಇಂಟರ್‌ಪ್ಲೇ ಕೈತಪ್ಪಿ, ‘ಜೆಫರ್ಸನ್’ ಎಂಬ ಗುಟ್ಟಿನ ಹೆಸರಲ್ಲಿ ಬೆಳೆಯುತ್ತಿದ್ದ ‘ಬಾಲ್ಡರ್ಸ್ ಗೇಟ್’ ಸರಣಿಯ ಮೂರನೆಯ ಆಟ ನಿಂತಿತು. ಅದಕ್ಕೆಂದು ಮಾಡಿದ್ದ ತಂತ್ರಾಂಶವೂ ಆಳುಗಳೂ ವ್ಯಾನ್ ಬ್ಯೂರೆನ್ ಕಡೆ ತಿರುಗಿದವು. ಜೂನ್ ಹೊತ್ತಿಗೆ ಅರ್ಕ್‌ಹಾರ್ಟ್ ಹೊರಬಿದ್ದು ಅಬ್ಸಿಡಿಯನ್ ಎಂಬ ಹೊಸ ಮನೆ ಹೂಡಿದ, ಅವೆಲೋನನೂ ಜೊತೆಗೂಡಿದ. ತಾಳಿಕೋಟೆಯಲ್ಲಿ ವಿಜಯನಗರ ಸೋತ ಮೇಲೆ ತಿರುಮಲರಾಯ ಪೆನುಗೊಂಡೆಯ ದಾರಿ ಹಿಡಿದ. ಇವರು ಸೋಲು ಬರುವ ಮುಂಚೆಯೇ ಗಂಟು ಕಟ್ಟಿದರು. ಉಳಿದವರಿಗೆ ಜಾಷ್ ಸಾಯರ್ ಮುಂದಾಳಾದ. ನವೆಂಬರಿನಲ್ಲಿ ಅವನೂ ರಾಜೀನಾಮೆ ಕೊಟ್ಟ.

ಶಾಲಿವಾಹನ ಶಕ 1925ನೆಯ ಸ್ವಭಾನು ಸಂವತ್ಸರದ ಮಾರ್ಗಶಿರ ಶುದ್ಧ ಪೌರ್ಣಮಿ, ಸೋಮವಾರ. ಅಂದರೆ 2003ರ ಡಿಸೆಂಬರ್ 8. ನಮ್ಮ ಕಡೆ ಅದು ಹೊಸ್ತಿಲ ಹುಣ್ಣಿಮೆ, ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು ಪೂಜಿಸುವ ದಿನ. ಆ ದಿನ ಅಮೆರಿಕದ ಅರ್ವೈನ್ ಪಟ್ಟಣದಲ್ಲಿ ಇಂಟರ್‌ಪ್ಲೇ ತನ್ನ ಬ್ಲ್ಯಾಕ್ ಐಲ್‌ನ ಕಂಪ್ಯೂಟರ್ ಆಟದ ತಂಡವನ್ನೆಲ್ಲ ಮನೆಗೆ ಕಳಿಸಿತು. ವ್ಯಾನ್ ಬ್ಯೂರೆನ್ ಅಲ್ಲಿಗೆ ನಿಂತಿತು. ಟಿ.ವಿ.ಗೆ ಜೋಡಿಸಿ ಆಡುವ ಪೆಟ್ಟಿಗೆಗಳಲ್ಲೇ ಕಾಸಿದೆ ಎಂದು ಯಜಮಾನರ ಲೆಕ್ಕ. ಮರುತಿಂಗಳೇ ಆ ಪೆಟ್ಟಿಗೆಗಳಿಗೆಂದು ಮಾಡಿದ ‘ಬ್ರದರ್‌ಹುಡ್ ಆಫ್ ಸ್ಟೀಲ್’ ಎಂಬ ಫಾಲ್‌ಔಟ್ ಅಂಗಡಿಗೆ ಬಂತು. ಸರಣಿಯ ಭಕ್ತರು ಅದನ್ನು ಇಂದಿಗೂ ಮನೆಯೊಳಗೆ ಸೇರಿಸುವುದಿಲ್ಲ.

ಹೊಸಪೇಟೆಯ ಸೈಬರ್ ಕೆಫೆಗಳಲ್ಲೂ ಹಂಪಿ ಬಜಾರಿನಲ್ಲಿ ಪ್ರವಾಸಿಗರಿಗೆಂದು ತೆರೆದಿದ್ದ ಇಂಟರ್‌ನೆಟ್ ಅಂಗಡಿಗಳಲ್ಲೂ ಗಂಟೆಗಿಷ್ಟು ಎಂದು ಕೊಟ್ಟು ಕೂರುತ್ತಿದ್ದ ಕಾಲ ಅದು. ಸಂಡೂರಿನ ಅದಿರಿಗೆ ಬೆಲೆ ಏರತೊಡಗಿ, ಲಾರಿಗಳ ಕೆಂಧೂಳು ರಸ್ತೆ ಬದಿಯ ಗಿಡಮರಗಳ ಮೇಲೆಲ್ಲ ಕೂರಲು ಶುರುವಾದದ್ದೂ ಆಗಲೇ. ಪಾಳುಬಿದ್ದ ರಾಜಧಾನಿ, ಕೆಂಪು ಧೂಳು, ಬಂಡೆಯ ಮೇಲೆ ಬಂಡೆ. ಇಲ್ಲಿಯ ಹುಡುಗರಿಗೆ ಫಾಲ್‌ಔಟಿನ ನೆಲ ಪರದೇಶ ಅನ್ನಿಸಲು ಕಾರಣವಿರಲಿಲ್ಲ. ಬಜಾರಿನ ಮಂಟಪಗಳಲ್ಲಿ ಅಂಗಡಿ, ಸಂಸಾರ ಹೂಡಿದ್ದವರನ್ನು 2011ರ ಜುಲೈನಲ್ಲಿ ತೆರವು ಮಾಡಿಸಲಾಯಿತು. ದಶಕಗಳ ಬದುಕು ಒಂದು ಕಡೆ, ಕಾಗದದ ಹಕ್ಕು ಇನ್ನೊಂದು ಕಡೆ ಎಂಬ ಜಗಳವನ್ನು ಈ ಬೀದಿಯೂ ಕಂಡಿದೆ.

ಆಟದ ಹಕ್ಕಿನ ಕಥೆಗೆ ಮರಳುವುದಾದರೆ, 2004ರಲ್ಲಿ ಮೂರನೆಯ ಫಾಲ್‌ಔಟ್ ಮಾಡುವ ಪರವಾನಗಿ ಬೆಥೆಸ್ಡಾ ಎಂಬ ಸಂಸ್ಥೆಗೆ ಹೋಯಿತು. ಮೊದಲ ಆಟ ಕಟ್ಟಿದ ಟಿಮ್ ಕೇನ್‌ನ ಹೊಸ ಸಂಸ್ಥೆ ಟ್ರೊಯಿಕಾ ಕೂಡ ಅದಕ್ಕೆ ಕೈ ಚಾಚಿತ್ತು. ಹೆಚ್ಚು ಹಣ ಇಟ್ಟವರಿಗೆ ಅದು ದಕ್ಕಿತು. 2007ರಲ್ಲಿ ಸರಣಿಯ ಪೂರ್ತಿ ಒಡೆತನ 57 ಲಕ್ಷ 50 ಸಾವಿರ ಡಾಲರಿಗೆ ಬೆಥೆಸ್ಡಾ ಪಾಲಾಯಿತು. ಹುಟ್ಟಿಸಿದವರೇ ಈಗ ಮುಂದಿನ ಪರ್ವ ಬರೆಯಬೇಕಾದರೆ ಬೇರೆಯವರ ಅಪ್ಪಣೆ ಬೇಕು. ಜಾಲದಲ್ಲಿ ಸಾವಿರಾರು ಜನ ಕೂಡಿ ಆಡುವ ಫಾಲ್‌ಔಟ್ ಮಾಡುತ್ತೇನೆಂದು ಇಂಟರ್‌ಪ್ಲೇ ಒಂದು ಹಕ್ಕನ್ನು ಉಳಿಸಿಕೊಂಡಿತ್ತು. ಅದು ಕೋರ್ಟಿಗೆ ಹತ್ತಿ, 2012ರಲ್ಲಿ ರಾಜಿಯಾಗಿ, ಆ ಆಟವೂ ಹೊರಬರಲಿಲ್ಲ.

ಮಾರಾಟವಾದ ವರ್ಷವೇ ವ್ಯಾನ್ ಬ್ಯೂರೆನ್‌ನ ಒಂದು ಆಡಬಹುದಾದ ತುಣುಕು ಹೊರಗೆ ಸೋರಿತು. ಮೇಲಿನಿಂದ ಓರೆಯಾಗಿ ಕಾಣುವ ಬೀದಿ, ಒರಟು ಆಕೃತಿಗಳು, ಅರೆಬರೆ ಕಾಳಗ. ಅದನ್ನು ನೋಡಿ ದೊಡ್ಡ ಕೃತಿಯೊಂದನ್ನು ಕಳೆದುಕೊಂಡೆವೆಂದು ಹೇಳುವುದು ಕಷ್ಟ. ಹೇಳಬೇಕಾದರೆ ಅದರ ವಿನ್ಯಾಸದ ಬರಹಗಳನ್ನು ಓದಬೇಕು. ಒಂದೊಂದು ಊರಿಗೆ ಹತ್ತಾರು ಪುಟ: ಯಾರು ಎಲ್ಲಿ ನಿಲ್ಲುತ್ತಾರೆ, ಮಾತಿಗೆ ಏನೆಂದು ಉತ್ತರಿಸುತ್ತಾರೆ, ಯಾವ ಕೆಲಸಕ್ಕೆ ಯಾವ ಫಲ. ಆ ಕಡತಗಳು ಕೈಯಿಂದ ಕೈಗೆ ಹಬ್ಬಿ, ಆಡದ ಆಟವನ್ನು ಜನ ಓದತೊಡಗಿದರು.

ಬೆಥೆಸ್ಡಾ 2008ರಲ್ಲಿ ತನ್ನದೇ ‘ಫಾಲ್‌ಔಟ್ 3’ ತಂದಿತು. ಅದರಲ್ಲಿ ಟಿಬೆಟ್ಸ್ ಇಲ್ಲ, ಪ್ರೆಸ್ಪರ್ ಇಲ್ಲ. ಬಳಿಕ ಮುಂದಿನ ಆಟವನ್ನು ಅಬ್ಸಿಡಿಯನ್‌ಗೆ ಗುತ್ತಿಗೆ ಕೊಟ್ಟಿತು. ಹೀಗೆ ಹೊರಬಿದ್ದವರೇ ಬಾಡಿಗೆದಾರರಾಗಿ ಹಳೆಯ ಮನೆಗೆ ಹೊಕ್ಕರು. ಸುಮಾರು ಒಂದೂವರೆ ವರ್ಷದಲ್ಲಿ ಕಟ್ಟಿದ ‘ನ್ಯೂ ವೇಗಸ್’ 2010ರ ಅಕ್ಟೋಬರಿನಲ್ಲಿ ಬಂತು. ಮುಂದಾಳು ಅದೇ ಸಾಯರ್. ಹೂವರ್ ಅಣೆಕಟ್ಟು ಅಲ್ಲಿದೆ, ಸೀಸರನ ದಂಡೂ ಇದೆ. ವ್ಯಾನ್ ಬ್ಯೂರೆನ್‌ನಲ್ಲಿ ನೇಣಿಗೇರಿಸಲ್ಪಟ್ಟವನೆಂದು ಬರೆದಿದ್ದ ಜೋಷುವಾ ಗ್ರಹಾಂ 2011ರ ಹೆಚ್ಚುವರಿ ಕಥೆಯಲ್ಲಿ ಸುಟ್ಟ ಮೈಯವನಾಗಿ ಎದ್ದುಬಂದ. ಪ್ರತಿಸ್ಪರ್ಧಿ ಕೈದಿಗಳ ಗುಂಪು ಮಾತ್ರ ಅಲ್ಲಿಗೂ ಬರಲಿಲ್ಲ. ಇತ್ತ ‘ವೇಸ್ಟ್‌ಲ್ಯಾಂಡ್’ ಹೆಸರನ್ನು ಕೊನೆಗೂ ದಕ್ಕಿಸಿಕೊಂಡ ಫಾರ್ಗೊ, ಅರಸರನ್ನು ನೆಚ್ಚದೆ 2012ರಲ್ಲಿ ಆಡುವವರನ್ನೇ ಚಂದಾ ಕೇಳಿ, 29 ಲಕ್ಷಕ್ಕೂ ಹೆಚ್ಚು ಡಾಲರು ಕೂಡಿಸಿ, ಮೊದಲ ಆಟ ಬಂದ 26 ವರ್ಷಕ್ಕೆ ಎರಡನೆಯದನ್ನು ಹೊರತಂದ.

ವ್ಯಾನ್ ಬ್ಯೂರೆನ್‌ಗೆ ಅಂಥ ಯೋಗ ಬರಲಿಲ್ಲ. ಹಳೆಯ ಕಡತಗಳನ್ನು ಮುಂದಿಟ್ಟುಕೊಂಡು ಅಭಿಮಾನಿಗಳ ಒಂದು ತಂಡ ಅದನ್ನು ಮೊದಲಿನಿಂದ ಕಟ್ಟುವ ಕೆಲಸಕ್ಕೆ ಇಳಿದಿದೆ. ತಿಮ್ಮಣ್ಣನಿಗೆ ಕೃಷ್ಣರಾಯನಿದ್ದ. ಇವರಿಗೆ ಹಗಲು ಹೊತ್ತು ಬೇರೆ ನೌಕರಿ, ರಾತ್ರಿ ಈ ಕೆಲಸ. ಹಕ್ಕುಪತ್ರವಿಲ್ಲದ್ದರಿಂದ ಮಾರುವಂತಿಲ್ಲ, ಪುಕ್ಕಟೆ ಹಂಚಬೇಕು.