‘ಓಕೆ ಕಂಪ್ಯೂಟರ್’: ಯಂತ್ರಕ್ಕೆ ಹೂಂಗುಟ್ಟಿದ ಕಾಲದ ಹಾಡುಗಳು

ಪಾರ್ತಿಸುಬ್ಬನ ಈ ನಾಡಿನಲ್ಲಿ, ಕನ್ನಡ ಮತ್ತು ಮಲಯಾಳ ಎರಡೂ ಮಾತಾಡುವ ನಮ್ಮ ವಾರ್ಷಿಕ ಸಂಚಿಕೆಯಲ್ಲಿ, ಇಂಗ್ಲೆಂಡಿನ ಒಂದು ರಾಕ್ ತಂಡದ ಬಗ್ಗೆ ಬರೆಯಹೊರಟರೆ ಓದುಗರು ಹುಬ್ಬೇರಿಸಬಹುದು. ನಾನು ಸಂಗೀತ ಕಲಿತವನಲ್ಲ. ಬಿ.ಎ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಗುಮಾಸ್ತನಾಗಿ ಕುಳಿತವನು. ಆದರೂ ಇಪ್ಪತ್ತೇಳು ವರ್ಷಗಳಿಂದ ನನ್ನನ್ನು ಬಿಡದ ಒಂದು ಧ್ವನಿಸುರುಳಿಯ ಚರಿತ್ರೆಯನ್ನು ನನಗೆ ತಿಳಿದಷ್ಟು ಹೇಳಬೇಕೆಂಬ ಆಸೆ ಬಹಳ ದಿನಗಳದ್ದು.

1998ರ ಮಳೆಗಾಲ. ನನಗೆ ಹದಿನೇಳು ವರ್ಷ. ದುಬಾಯಿಯಿಂದ ರಜೆಯಲ್ಲಿ ಬಂದಿದ್ದ ಭಾವ ಹೋಗುವಾಗ ಒಂದು ಕ್ಯಾಸೆಟ್ ಬಿಟ್ಟುಹೋದರು. ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಪಕ್ಕದ ಮನೆಯ ಮಲಯಾಳಿ ಗೆಳೆಯನಲ್ಲಿ ಇತ್ತು. ಇಬ್ಬರೂ ಕುಳಿತು ಕೇಳಿದೆವು. ಅವನು ಮಲಯಾಳ ಮಾಧ್ಯಮ, ನಾನು ಕನ್ನಡ ಮಾಧ್ಯಮ. ಹಾಡಿನ ಇಂಗ್ಲಿಷ್ ಇಬ್ಬರಿಗೂ ಅರ್ಧಕ್ಕರ್ಧ ಹಾರಿಹೋಗುತ್ತಿತ್ತು. ಆದರೆ ಹಾಡುವವನ ದನಿಯಲ್ಲಿ ಏನೋ ಒಂದು ಸಂಕಟವಿದೆ ಎಂಬುದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ತಂಡದ ಹೆಸರು ರೇಡಿಯೋಹೆಡ್. ಆಲ್ಬಮಿನ ಹೆಸರು ‘ಓಕೆ ಕಂಪ್ಯೂಟರ್’.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಅಬಿಂಗ್ಡನ್ ಶಾಲೆಯಲ್ಲಿ ಓದುತ್ತಿದ್ದ ಐವರು ಹುಡುಗರು 1985ರಲ್ಲಿ ಈ ತಂಡ ಕಟ್ಟಿದರು. ಗಾಯಕ ಥಾಮ್ ಯಾರ್ಕ್, ಗಿಟಾರಿನ ಎಡ್ ಓಬ್ರಿಯನ್, ಡ್ರಮ್ಸಿನ ಫಿಲಿಪ್ ಸೆಲ್ವೇ, ಜೊತೆಗೆ ಅಣ್ಣತಮ್ಮಂದಿರಾದ ಕಾಲಿನ್ ಗ್ರೀನ್‌ವುಡ್ ಮತ್ತು ಜಾನಿ ಗ್ರೀನ್‌ವುಡ್. ಶುಕ್ರವಾರಗಳಂದು ಶಾಲೆಯ ಸಂಗೀತ ಕೊಠಡಿಯಲ್ಲಿ ಅಭ್ಯಾಸ ಮಾಡುತ್ತಿದ್ದುದರಿಂದ ಮೊದಲ ಹೆಸರೇ ‘ಆನ್ ಎ ಫ್ರೈಡೇ’. 1991ರಲ್ಲಿ ಇ.ಎಂ.ಐ. ಕಂಪೆನಿ ಕರಾರು ಮಾಡಿಕೊಂಡಾಗ ಹೆಸರು ಬದಲಾಯಿತು. 1993ರಲ್ಲಿ ‘ಪ್ಯಾಬ್ಲೋ ಹನಿ’, 1995ರಲ್ಲಿ ‘ದಿ ಬೆಂಡ್ಸ್’ ಬಂದವು. ‘ಕ್ರೀಪ್’ ಎಂಬ ಒಂದೇ ಹಾಡಿನಿಂದ ಲೋಕಕ್ಕೆ ಪರಿಚಿತರಾದ ಇವರನ್ನು ಒಂದೇ ಹಾಡಿನ ತಂಡವೆಂದು ಮೂಗು ಮುರಿದವರೂ ಇದ್ದರು.

ಮೂರನೆಯ ಆಲ್ಬಮಿನ ಮೊದಲ ಬೀಜ ಬಿದ್ದದ್ದು ಯುದ್ಧದ ನೆಲದ ನೆನಪಿನಲ್ಲಿ ಎನ್ನುವುದನ್ನು ಇಲ್ಲಿ ಗಮನಿಸಬೇಕು. ಬೋಸ್ನಿಯಾದ ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ‘ವಾರ್ ಚೈಲ್ಡ್’ ಸಂಸ್ಥೆ 1995ರ ಸೆಪ್ಟೆಂಬರಿನಲ್ಲಿ ಒಂದು ಸಹಾಯಾರ್ಥ ಆಲ್ಬಮ್ ತಂದಿತು. ಅದಕ್ಕಾಗಿ ರೇಡಿಯೋಹೆಡ್ ಐದೇ ಗಂಟೆಗಳಲ್ಲಿ ‘ಲಕ್ಕಿ’ ಎಂಬ ಹಾಡನ್ನು ಮುದ್ರಿಸಿಕೊಟ್ಟಿತು. ಆಗ ಜೊತೆಗಿದ್ದ ಯುವಕ ನೈಜಲ್ ಗಾಡ್ರಿಚ್. ಮುಂದಿನ ಆಲ್ಬಮನ್ನು ತಂಡದವರು ಅವರನ್ನೇ ಸೇರಿಸಿಕೊಂಡು ತಾವೇ ನಿರ್ಮಿಸಿದರು. ‘ಲಕ್ಕಿ’ ಕೂಡ ಅದರಲ್ಲಿ ಸೇರಿತು.

ಸಲಕರಣೆ ಕೊಳ್ಳಲು ಕಂಪೆನಿ ಒಂದು ಲಕ್ಷ ಪೌಂಡ್ ಕೊಟ್ಟಿತು. 1996ರಲ್ಲಿ ಡಿಡ್‌ಕಾಟ್ ಊರಿನ ಬಳಿಯ ಒಂದು ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಅದು ಅನುಕೂಲವಾಗದೆ ಬಾತ್ ನಗರದ ಸಮೀಪದ ಸೇಂಟ್ ಕ್ಯಾಥರೀನ್ಸ್ ಕೋರ್ಟ್ ಎಂಬ ಹಳೆಯ ಬಂಗಲೆಗೆ ಹೋದರು. ನಟಿ ಜೇನ್ ಸೀಮೋರ್ ಅವರಿಗೆ ಸೇರಿದ್ದ ಮನೆ ಅದು. ಅಲ್ಲಿ ಸ್ಟುಡಿಯೋದ ಗಡಿಯಾರ ಇರಲಿಲ್ಲ. ಮನಸ್ಸು ಬಂದಾಗ ಹಾಡಬಹುದಿತ್ತು. ‘ಎಕ್ಸಿಟ್ ಮ್ಯೂಸಿಕ್’ ಹಾಡಿನ ದನಿಯನ್ನು ಕಲ್ಲಿನ ಮೆಟ್ಟಿಲುಸಾಲಿನಲ್ಲಿ ನಿಂತು ಹಾಡಿ ಮುದ್ರಿಸಿದರು. ನಮ್ಮಲ್ಲಿ ದೇವಸ್ಥಾನದ ಒಳಾಂಗಣದಲ್ಲಿ ಭಜನೆ ಹೇಳಿದಾಗ ದನಿ ಹೇಗೆ ಕಲ್ಲಿಗೆ ತಾಗಿ ಹಿಂದೆ ಬರುತ್ತದೋ ಹಾಗೆಯೇ ಅದು. ‘ಲೆಟ್ ಡೌನ್’ ಹಾಡನ್ನು ದೊಡ್ಡ ನೃತ್ಯಶಾಲೆಯಲ್ಲಿ ಬೆಳಗಿನ ಜಾವ ಮೂರರ ಹೊತ್ತಿಗೆ ನುಡಿಸಿದರು. ತಂತಿವಾದ್ಯಗಳನ್ನು 1997ರ ಜನವರಿಯಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಸೇರಿಸಲಾಯಿತು.

ಹೆಸರಿನ ಕತೆ ಸ್ವಾರಸ್ಯದ್ದು. ಡಗ್ಲಾಸ್ ಆಡಮ್ಸ್ ಅವರು ಬಿ.ಬಿ.ಸಿ. ರೇಡಿಯೋಗೆ ಬರೆದ ಹಾಸ್ಯ ಸರಣಿಯೊಂದನ್ನು ತಂಡದವರು ಪ್ರವಾಸದ ಬಸ್ಸಿನಲ್ಲಿ ಕೇಳುತ್ತಿದ್ದರು. ಅದರ ಒಂದು ಪಾತ್ರ ಕಂಪ್ಯೂಟರಿಗೆ ಹೇಳುವ ಮಾತೇ ಈ ಎರಡು ಪದ. ಬಸ್ಸು, ವಿಮಾನ, ಹೋಟೆಲು, ಮತ್ತೆ ಬಸ್ಸು: ಹಾಗೆ ಸುತ್ತುತ್ತಿದ್ದವರ ಆಲ್ಬಮಿನ ತುಂಬ ವೇಗ ಮತ್ತು ದಣಿವೇ ತುಂಬಿದೆ. ಮೊದಲ ಹಾಡು ‘ಏರ್‌ಬ್ಯಾಗ್’ನ ಹಿಂದೆ ಥಾಮ್ ಯಾರ್ಕ್ 1987ರಲ್ಲಿ ಸಿಕ್ಕಿಬಿದ್ದ ಕಾರು ಅಪಘಾತದ ನೆನಪಿದೆ. ಕೊನೆಯ ಹಾಡು ‘ದಿ ಟೂರಿಸ್ಟ್’ ನಿಧಾನವಾಗಿ ನಡೆ ಎಂದು ಬೇಡುತ್ತದೆ. ನಡುವೆ ‘ಫಿಟ್ಟರ್ ಹ್ಯಾಪಿಯರ್’ ಎಂಬ ಎರಡು ನಿಮಿಷದೊಳಗಿನ ತುಣುಕಿದೆ. ಅದನ್ನು ಮನುಷ್ಯ ಹೇಳುವುದಿಲ್ಲ. ಮ್ಯಾಕಿಂಟಾಷ್ ಕಂಪ್ಯೂಟರಿನ ಕೃತಕ ದನಿ, ಒಳ್ಳೆಯ ನಾಗರಿಕನಾಗುವ ಉಪದೇಶಗಳನ್ನು ಒಂದರ ಹಿಂದೊಂದು ಓದುತ್ತದೆ. ‘ಕರ್ಮ ಪೊಲೀಸ್’ ಎಂಬ ಹೆಸರು ಕೇಳಿ ನಾವಿಬ್ಬರು ಗೆಳೆಯರು ಬಿದ್ದುಬಿದ್ದು ನಕ್ಕಿದ್ದೆವು. ನಮ್ಮ ಕರ್ಮಕ್ಕೆ ಅಲ್ಲಿ ಪೊಲೀಸರು! ಅದು ತಂಡದವರೊಳಗಿನ ತಮಾಷೆಯ ಮಾತಾಗಿತ್ತಂತೆ.

ಅಮೆರಿಕದ ಕ್ಯಾಪಿಟಲ್ ಕಂಪೆನಿಯವರು ಇದನ್ನು ಕೇಳಿ ಕೈಚೆಲ್ಲಿದರು. ಇಪ್ಪತ್ತು ಲಕ್ಷ ಪ್ರತಿ ಮಾರಬಹುದೆಂದು ಹಾಕಿದ್ದ ಅಂದಾಜನ್ನು ಐದು ಲಕ್ಷಕ್ಕೆ ಇಳಿಸಿದರು. ಮೊದಲು ಬಿಡುಗಡೆ ಮಾಡಿದ ‘ಪ್ಯಾರನಾಯ್ಡ್ ಆಂಡ್ರಾಯ್ಡ್’ ಆರು ನಿಮಿಷ ಮೀರಿದ, ನಡುವೆ ಹಲವು ಬಾರಿ ತಿರುವುವ ಹಾಡು, ರೇಡಿಯೋಗೆ ಹೇಳಿಸಿದ್ದಲ್ಲ. ಬ್ರಿಟನ್ನಿನಲ್ಲಿ ಆಗ ಹಬ್ಬದ ವಾತಾವರಣ. 1997ರ ಮೇ 1ರಂದು ಟೋನಿ ಬ್ಲೇರ್ ಅವರ ಲೇಬರ್ ಪಕ್ಷ ಭಾರೀ ಬಹುಮತದಿಂದ ಗೆದ್ದಿತ್ತು. ಓಯಸಿಸ್ ಮುಂತಾದ ತಂಡಗಳ ಹುರುಪಿನ ಹಾಡುಗಳು ಬೀದಿಬೀದಿಯಲ್ಲಿದ್ದವು. ಆ ಸಂಭ್ರಮದ ನಡುವೆ ಜೂನ್ 16ರಂದು ಈ ಕಳವಳದ ಆಲ್ಬಮ್ ಬ್ರಿಟನ್ನಿನ ಅಂಗಡಿಗೆ ಬಂತು. ಬಂದ ವಾರವೇ ಅಲ್ಲಿ ಮೊದಲ ಸ್ಥಾನಕ್ಕೇರಿತು. 1998ರಲ್ಲಿ ಉತ್ತಮ ಆಲ್ಟರ್ನೇಟಿವ್ ಆಲ್ಬಮಿನ ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು. ಹಬ್ಬದ ಮನೆಯಲ್ಲೂ ಒಬ್ಬಂಟಿಯಾಗಿ ಮೂಲೆಯಲ್ಲಿ ಕುಳಿತವರು ಬಹಳ ಮಂದಿ ಇದ್ದರೆಂದು ಇದರಿಂದ ತಿಳಿಯುತ್ತದೆ.

ಮುಖಪುಟದ ವಿಷಯವೊಂದು ನನ್ನಂಥ ಗುಮಾಸ್ತನಿಗೆ ಬಹಳ ಪ್ರಿಯ. ಸ್ಟ್ಯಾನ್ಲಿ ಡಾನ್‌ವುಡ್ ಎಂಬ ಕಲಾವಿದರೂ ಥಾಮ್ ಯಾರ್ಕರೂ ಸೇರಿ ಅದನ್ನು ಕಂಪ್ಯೂಟರಿನಲ್ಲೇ ಮಾಡಿದರು. ಹಾಕಿಕೊಂಡ ನಿಯಮ ಒಂದೇ: ಮಾಡಿದ್ದನ್ನು ಅಳಿಸಬಾರದು. ಹೆದ್ದಾರಿಯ ಚಿತ್ರದ ಮೇಲೆ ಬಿಳಿಯ ಗೀಚುಗಳು ಹಾಗೆಯೇ ಉಳಿದವು. ನಮ್ಮ ಹಳೆಯ ಲೆಡ್ಜರಿನ ನಿಯಮವೂ ಅದೇ ಅಲ್ಲವೇ? ತಪ್ಪನ್ನು ಉಜ್ಜಿ ಅಳಿಸುವಂತಿಲ್ಲ. ಓದಲು ಬರುವಂತೆ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಬದಿಗೆ ಸಹಿ ಹಾಕಬೇಕು. ತಪ್ಪು ಮಾಡಿದವನು ಯಾರೆಂದು ಪುಟವೇ ಹೇಳುತ್ತಿತ್ತು.

ನಾನು 2004ರಲ್ಲಿ ಕೆಲಸಕ್ಕೆ ಸೇರಿದ್ದೇ ಆ ಲೆಡ್ಜರುಗಳನ್ನು ಮುಚ್ಚುವ ಹೊತ್ತಿನಲ್ಲಿ. ಮೊದಲು ನಮಗೆಲ್ಲ ಖುಷಿಯೇ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಬೆಳಗ್ಗೆಯನ್ನು ನಾನು ಮರೆಯಲಾರೆ. ನಮ್ಮ ಊರಿನ ಅಜ್ಜಿಯೊಬ್ಬರು ಪಿಂಚಣಿಗೆಂದು ಬಂದರು. ಒಂದು ಕಾಗದದಲ್ಲಿ ಅವರ ಹೆಸರು ಕನ್ನಡದ ಉಚ್ಚಾರದಂತೆ, ಇನ್ನೊಂದರಲ್ಲಿ ಮಲಯಾಳದ ರೂಢಿಯಂತೆ ಇಂಗ್ಲಿಷಿಗೆ ಹೋಗಿತ್ತು. ಒಂದಕ್ಷರದ ವ್ಯತ್ಯಾಸ. ಗಡಿನಾಡಿನ ಕನ್ನಡ ಮನೆಗಳಲ್ಲಿ ಈ ಅನುಭವ ಇಲ್ಲದವರು ಕಡಿಮೆ. “ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಅಜ್ಜಿ” ಎಂದೆ. ಅವರು ನನ್ನ ಮುಖ ನೋಡಿ, “ಅದಕ್ಕೆ ಗೊತ್ತಿಲ್ಲದಿದ್ದರೆ ಬೇಡ. ನಿನಗೆ ನನ್ನ ಗುರ್ತ ಉಂಟಲ್ಲ ಮಗಾ?” ಎಂದರು. ಗುರುತಿತ್ತು. ಚಿಕ್ಕಂದಿನಲ್ಲಿ ಅವರ ಮನೆಯ ಮಾವಿನಹಣ್ಣು ತಿಂದು ಬೆಳೆದವನು ನಾನು. ಆದರೂ ಕಾಗದವನ್ನು ಹಿಂದೆ ಕೊಟ್ಟೆ. ಹೆಸರು ಸರಿಯಾಗಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಹೇಗೆ ಕಳೆದಿರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅಂದು ರಾತ್ರಿ ಆ ಆಲ್ಬಮ್ ಹಾಕಿ ಕೇಳಿದಾಗ, ಹದಿನೇಳರಲ್ಲಿ ದನಿಯ ಸಂಕಟವಾಗಿ ಮಾತ್ರ ಕೇಳಿಸಿದ್ದು ಏನೆಂದು ಅರ್ಥವಾಯಿತು. ಯಂತ್ರ ಕೆಟ್ಟದ್ದೆಂದು ಅದು ಹೇಳುವುದಿಲ್ಲ. ಯಂತ್ರಕ್ಕೆ ಹೂಂಗುಟ್ಟುತ್ತಾ ಹೂಂಗುಟ್ಟುತ್ತಾ ಮನುಷ್ಯ ತಾನೇ ಅದರ ದನಿಯಲ್ಲಿ ಮಾತಾಡತೊಡಗುತ್ತಾನೆ ಎನ್ನುತ್ತದೆ.

ಈ ಆಲ್ಬಮ್ ಬಾಳಿದ್ದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. 1997ರಲ್ಲಿ ಎಲ್ಲರ ಕೈಯಲ್ಲಿ ಫೋನಿರಲಿಲ್ಲ. ಹಾಡುಗಳು ಮುಂದಿನದನ್ನು ಭವಿಷ್ಯ ನುಡಿದವೆಂದು ಕೆಲವರು ಹೇಳುವುದುಂಟು. ಅವು ಅಂದಿನ ದಣಿವನ್ನು ಪ್ರಾಮಾಣಿಕವಾಗಿ ಹಾಡಿದವು, ದಣಿವು ಮಾತ್ರ ಬೆಳೆಯುತ್ತಾ ಬಂತು ಎನ್ನುವುದು ಹೆಚ್ಚು ಸರಿ. ಇನ್ನೊಂದು ಕಾರಣ ಕಟ್ಟೋಣದ್ದು. ಹನ್ನೆರಡು ತುಣುಕುಗಳು, ಸುಮಾರು 53 ನಿಮಿಷ. ಒಂದು ಪದ್ಯ ಮಾತ್ರ ಕೇಳಿ ಪ್ರಸಂಗ ನೋಡಿದೆ ಎನ್ನಲಾಗದಲ್ಲ, ಹಾಗೆ ಇದನ್ನೂ ಮೊದಲಿಂದ ಕೊನೆಯವರೆಗೆ ಕೂತು ಕೇಳಬೇಕು.

ಮುಂದಿನ ಚರಿತ್ರೆ ಚುಟುಕಾಗಿ ಹೇಳುವಂಥದ್ದು. ಕೀರ್ತಿಯ ಪ್ರವಾಸವೇ ತಂಡವನ್ನು ಹಣ್ಣುಮಾಡಿತು. 1998ರ ‘ಮೀಟಿಂಗ್ ಪೀಪಲ್ ಈಸ್ ಈಸಿ’ ಎಂಬ ಸಾಕ್ಷ್ಯಚಿತ್ರದಲ್ಲಿ ಅದನ್ನು ಕಾಣಬಹುದು. 2000ದ ‘ಕಿಡ್ ಎ’ಯಲ್ಲಿ ಅವರು ದಾರಿಯನ್ನೇ ಬದಲಿಸಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹದ 2014ರ ಪಟ್ಟಿಯಲ್ಲಿ ‘ಓಕೆ ಕಂಪ್ಯೂಟರ್’ಗೆ ಸ್ಥಾನ ಕೊಟ್ಟಿತು. ಇಪ್ಪತ್ತು ವರ್ಷ ತುಂಬಿದ 2017ರಲ್ಲಿ, ಕೈಬಿಟ್ಟಿದ್ದ ಹಾಡುಗಳನ್ನೂ ಸೇರಿಸಿ ಮರುಮುದ್ರಣ ಬಂತು. 2019ರಲ್ಲಿ ಅಂದಿನ ಅಭ್ಯಾಸದ ಮಿನಿಡಿಸ್ಕುಗಳು ಕಳವಾಗಿ ಹೊರಬಿದ್ದಾಗ, ಆ ಸುಮಾರು ಹದಿನೆಂಟು ಗಂಟೆಗಳ ಮುದ್ರಣವನ್ನು ತಂಡವೇ ಮಾರಾಟಕ್ಕಿಟ್ಟು, ಹಣವನ್ನು ಪರಿಸರ ಚಳವಳಿಗೆ ಕೊಟ್ಟಿತು. 2025ರ ಆಗಸ್ಟಿನಲ್ಲಿ ‘ಲೆಟ್ ಡೌನ್’, ಹುಡುಗ ಹುಡುಗಿಯರ ಮೊಬೈಲಿನ ಕಿರುಚಿತ್ರಗಳ ಮೂಲಕ ಹರಡಿ, ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ಮೊದಲ ಬಾರಿ ಸೇರಿತು. ಹಾಡು ಹುಟ್ಟಿ ಇಪ್ಪತ್ತೆಂಟು ವರ್ಷಗಳಾದ ಮೇಲೆ!

ನನ್ನ ಮಗಳೂ ಅದನ್ನು ಕೇಳಿದ್ದು ಹಾಗೆಯೇ. “ಅಪ್ಪಾ, ಇದು ಹೊಸ ಹಾಡು” ಎಂದು ತೋರಿಸಿದಳು. ನಾನು ಕಪಾಟಿನಿಂದ ಹಳೆಯ ಕ್ಯಾಸೆಟ್ ತೆಗೆದು ಅವಳ ಕೈಗಿಟ್ಟೆ. ಆ ಮಲಯಾಳಿ ಗೆಳೆಯ ಈಗ ಗಲ್ಫಿನಲ್ಲಿದ್ದಾನೆ. ಅವನಿಗೂ ಫೋನ್ ಮಾಡಿ ಹೇಳಿದೆ. ಆ ಅಜ್ಜಿ ಈಗ ಇಲ್ಲ. ಕೌಂಟರಿಗೆ ಯಾರಾದರೂ ಹಿರಿಯರು ಕಾಗದ ಹಿಡಿದು ಬಂದರೆ ನಾನೀಗ ಮೊದಲು ಪರದೆ ನೋಡುವುದಿಲ್ಲ. ಅವರ ಮುಖ ನೋಡಿ ಹೆಸರು ಕೇಳುತ್ತೇನೆ. ಅವರು ಹೇಳಿದ ಹಾಗೆಯೇ ಅದನ್ನು ಒಮ್ಮೆ ಉಚ್ಚರಿಸಿ, ಆಮೇಲೆ ಕಂಪ್ಯೂಟರಿನ ಕಡೆಗೆ ತಿರುಗುತ್ತೇನೆ.