ಅರಮನೆಯ ಗಂಜೀಫಾ, ಪಡಸಾಲೆಯ ಚೌಕಾಬಾರ

ದಸರೆಯ ರಜೆಯಿರಲಿ, ಈದ್ ಹಬ್ಬವಿರಲಿ, ಮನೆ ತುಂಬ ನೆಂಟರು ಸೇರಿದಾಗ ಮೈಸೂರಿನ ಹಳೆಯ ಮನೆಗಳಲ್ಲಿ ಸೀಮೆಸುಣ್ಣದ ಒಂದು ತುಂಡು ಸಾಕಾಗುತ್ತಿತ್ತು. ಪಡಸಾಲೆಯ ನೆಲದ ಮೇಲೆ ಐದು ಸಾಲುಗಳಲ್ಲಿ 25 ಮನೆ ಬರೆದರೆ ಚೌಕಾಬಾರ ಸಿದ್ಧ. ಕವಡೆ ಇಲ್ಲದವರು ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಬಳೆಚೂರು, ಬೆಣಚುಕಲ್ಲುಗಳೇ ಕಾಯಿಗಳು.

ಇದೇ ಊರಿನ ಅರಮನೆಗೂ ಆಟದ ಹುಚ್ಚಿತ್ತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕಲೆ, ಸಾಹಿತ್ಯಗಳ ಜೊತೆಗೆ ಆಟಗಳಿಗೂ ಮನಸ್ಸು ಕೊಟ್ಟರು. ಹೊಸ ಮಣೆಯಾಟಗಳನ್ನು ರೂಪಿಸಿದರು. ‘ಶ್ರೀತತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಎಲೆಯಾಟದ ಬಗೆಗಳು ದಾಖಲಾದವು. ಈ ಗಂಜೀಫಾ ಪರ್ಷಿಯಾದ ಕಡೆಯಿಂದ ಬಂದದ್ದು. 1527ರಲ್ಲಿ ಸಿಂಧ್‌ಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ್ದನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೈಸೂರಿನ ಚಿತ್ರಕಾರರ ಕೈಗೆ ಬಂದಾಗ ಅದೇ ಎಲೆಗಳ ಮೇಲೆ ದೇವದೇವತೆಯರು ಮೂಡಿದರು. ಆಟ ಯಾರ ಮನೆಯದೆಂದು ಯಾರೂ ಕೇಳಲಿಲ್ಲ.

ಆದರೆ ಚಿನ್ನದ ಬಣ್ಣ ಕಂಡ ಆ ಎಲೆಗಳು ಇಂದು ಹೆಚ್ಚಾಗಿ ಸಂಗ್ರಹಕಾರರ ಪೆಟ್ಟಿಗೆಯಲ್ಲಿವೆ; ಆಡಬಲ್ಲವರು ವಿರಳ. ಚೌಕಾಬಾರ ಉಳಿದದ್ದು ಗ್ರಂಥದಿಂದಲ್ಲ, ಹಿರಿಯರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿದ್ದರಿಂದ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ನಾಲ್ಕು, ಬೋರಲು ಬಿದ್ದರೆ ಎಂಟು ಎಂಬುದನ್ನು ಮಗು ಕಲಿಯುವುದು ಹಾಗೆಯೇ. ಅಲ್ಲಿ ಏಳು ವರ್ಷದ ಮೊಮ್ಮಗಳೂ ಅಜ್ಜಿಯ ಕಾಯಿಯನ್ನು ಹೊಡೆಯಬಹುದು. ಒಂದು ತಲೆಮಾರು ಆಡದೆ ಬಿಟ್ಟರೆ ಇದೂ ಪೆಟ್ಟಿಗೆ ಸೇರುತ್ತದೆ. ಮುಂದಿನ ಹಬ್ಬಕ್ಕೆ ನಾಲ್ಕು ಹುಣಸೆಬೀಜ ಎತ್ತಿಡಿ.